ಬೇರೆ ಬೇರೆ ಪ್ರಾಯದ ಕೋಳಿಮರಿಗಳನ್ನು ಒಂದೇ ಅಂಗಳದಲ್ಲಿ ಸಾಕುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಕೋಳಿ ಸಾಕುವವರಿಗೆ ಒಂದೇ ಪ್ರಾಯದ ಮರಿಗಳು ಒಟ್ಟಿಗೆ ಸಿಗುವುದು ಅಪರೂಪ. ಮನೆಯ ಹೇಂಟೆ ಕಾವು ಕುಳಿತು ಮಾಡಿದ ಎಂಟು ಹತ್ತು ಮರಿಗಳು ಹಟ್ಟಿಯ ಬದಿಯಲ್ಲಿ ಓಡಾಡುತ್ತಿರುವಾಗಲೇ ಪಂಚಾಯತ್ ಯೋಜನೆಯಲ್ಲಿ 45ರಿಂದ 60 ದಿನ ಪ್ರಾಯದ ಐದಾರು ಮೊಟ್ಟೆಕೋಳಿ ಮರಿಗಳು ಬಂದು ಸೇರುತ್ತವೆ. ಅದೇ ವಾರ ಪೇಟೆಗೆ ಹೋದವರು ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿರುತ್ತಾರೆ. ಗೂಡು ಇರುವುದು ಒಂದೇ ಆದ್ದರಿಂದ ಎಲ್ಲವನ್ನೂ ಅದರೊಳಗೆ ಬಿಡುವ ಮನಸ್ಸಾಗುವುದು ಸಹಜ. ಹಾಗೆ ಬಿಟ್ಟ ಮೇಲೆ ಮರಿಗಳು ಏಕೆ ಸಾಯುತ್ತವೆ, ಸಾಯದಂತೆ ಅವನ್ನು ಒಟ್ಟಿಗೆ ಬೆಳೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ನನ್ನಿಂದಾದ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ದಿನಗಳಲ್ಲಿ, ಮೂರು ವಾರದ ಹನ್ನೆರಡು ಊರಕೋಳಿ ಮರಿಗಳಿದ್ದ ಗೂಡಿಗೆ ಸುಮಾರು ಐವತ್ತು ದಿನದ ಆರು ಮರಿಗಳನ್ನು ತಂದ ಸಂಜೆಯೇ ಬಿಟ್ಟೆ. ದೊಡ್ಡವು ಸಣ್ಣವನ್ನು ಕುಕ್ಕಿಯಾವೆಂದು ಎರಡು ದಿನ ಕಾವಲು ಕುಳಿತೆ. ಅಂಥದ್ದೇನೂ ಆಗದ್ದರಿಂದ ನಿಶ್ಚಿಂತನಾದೆ. ಏಳನೆಯ ದಿನ ಸಣ್ಣ ಮರಿಗಳು ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ, ಒಂದಕ್ಕೊಂದು ಒತ್ತಿ ನಿಂತಿದ್ದವು. ನೆಲದ ಹೊಟ್ಟಿನಲ್ಲಿ ರಕ್ತ ಬೆರೆತ ಹಿಕ್ಕೆ ಕಂಡಿತು. ಮೃಗಾಸ್ಪತ್ರೆಯಿಂದ ಔಷಧಿ ತರುವಷ್ಟರಲ್ಲಿ ಏಳು ಮರಿಗಳು ಹೋಗಿದ್ದವು. ದೊಡ್ಡ ಮರಿಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ನಾನು ಕೊಕ್ಕನ್ನು ಮಾತ್ರ ನೋಡಿದ್ದೆ, ಹಿಕ್ಕೆಯನ್ನು ನೋಡಿರಲಿಲ್ಲ.

ಆ ಮಳೆಗಾಲದ ನಂತರ ನಾನು ಪಾಲಿಸುತ್ತಿರುವ ನಿಯಮ ಒಂದೇ: ಪ್ರಾಯ ಬೆರೆತಿರುವಲ್ಲಿ ಎಲ್ಲ ವ್ಯವಸ್ಥೆಯೂ ಅತ್ಯಂತ ಸಣ್ಣ ಮರಿಯ ಅಳತೆಗೆ ಇರಬೇಕು. ಸಣ್ಣ ಮರಿಯ ಆಹಾರವನ್ನು ತಿಂದು ದೊಡ್ಡದು ಬದುಕುತ್ತದೆ, ಸಣ್ಣ ಮರಿಗೆಂದು ಇಟ್ಟ ಆಳವಿಲ್ಲದ ತಟ್ಟೆಯಿಂದ ದೊಡ್ಡದು ನೀರು ಕುಡಿಯುತ್ತದೆ, ಬಲ್ಬಿನ ಬಿಸಿ ಬೇಡವೆನಿಸಿದರೆ ದೂರ ಸರಿಯುತ್ತದೆ. ಆದರೆ ದೊಡ್ಡದರ ಆಹಾರ, ನೀರಿನ ಪಾತ್ರೆ, ತಂಪು, ಹಿಕ್ಕೆ ಇವುಗಳಲ್ಲಿ ಯಾವುದಕ್ಕೂ ಸಣ್ಣದು ಹೊಂದಿಕೊಳ್ಳಲಾರದು.

ಎಷ್ಟು ಅಂತರವಿದ್ದರೆ ಒಟ್ಟಿಗೆ ಬಿಡಬಹುದು?

ಎರಡು ಗುಂಪುಗಳ ನಡುವೆ ನಾಲ್ಕೈದು ದಿನಗಳ ಅಂತರವಿದ್ದರೆ, ಎರಡೂ ಆರೋಗ್ಯವಾಗಿದ್ದರೆ, ಹೆಚ್ಚಿನ ಯೋಚನೆಯಿಲ್ಲದೆ ಒಟ್ಟಿಗೆ ಸಾಕಬಹುದು. ಒಂದು ವಾರದವರೆಗೂ ಸ್ಥಳ ಧಾರಾಳವಾಗಿದ್ದರೆ ನಡೆಯುತ್ತದೆ. ಎರಡು ವಾರ ದಾಟಿತೆಂದರೆ ನಡುವೆ ಬಲೆ ಇರಲೇಬೇಕು. ಆದರೆ ದಿನಗಳ ಲೆಕ್ಕಕ್ಕಿಂತ ಗಾತ್ರವನ್ನು ನೋಡುವುದು ಒಳ್ಳೆಯದು. ಗ್ರಾಮಪ್ರಿಯ, ವನರಾಜ, ಗಿರಿರಾಜಗಳಂಥ ಸುಧಾರಿತ ತಳಿಗಳ ಮರಿಗಳು ಅದೇ ದಿನ ಹುಟ್ಟಿದ ಊರಕೋಳಿ ಮರಿಗಳಿಗಿಂತ ಬೇಗ ಬೆಳೆಯುತ್ತವೆ. ಮಾಂಸದ ಬ್ರಾಯ್ಲರ್ ಮರಿಯಂತೂ ಆರು ವಾರದಲ್ಲಿ 2 ಕಿಲೋ ಆಸುಪಾಸಿಗೆ ಬರುವಾಗ ಊರಕೋಳಿ ಮರಿ ಅರ್ಧ ಕಿಲೋ ಕೂಡ ಆಗಿರುವುದಿಲ್ಲ. ಆದ್ದರಿಂದ ಬ್ರಾಯ್ಲರ್ ಮರಿಯನ್ನು ಉಳಿದವುಗಳ ಜೊತೆ ಯಾವ ಪ್ರಾಯದಲ್ಲಿಯೂ ಬೆರೆಸಬಾರದು. ಅದು ಬೇಕೆಂದು ಕುಕ್ಕದಿದ್ದರೂ ಆಹಾರದ ಪಾತ್ರೆಯ ಮುಂದೆ ತನ್ನ ತೂಕದಿಂದಲೇ ಸಣ್ಣ ಮರಿಗಳನ್ನು ತುಳಿಯುತ್ತದೆ.

ಪ್ರಾಯದ ಅಂತರವನ್ನೇ ಆದಷ್ಟು ಕಡಿಮೆ ಮಾಡುವ ದಾರಿಯೂ ಇದೆ. ಕಾವು ಕುಳಿತ ಹೇಂಟೆಯ ಕೆಳಗೆ ದಿನಕ್ಕೊಂದರಂತೆ ಮೊಟ್ಟೆ ಸೇರಿಸುತ್ತ ಹೋದರೆ 21 ದಿನಗಳ ಲೆಕ್ಕ ಪ್ರತಿ ಮೊಟ್ಟೆಗೂ ಬೇರೆಯಾಗುತ್ತದೆ. ಮೊದಲ ಮರಿಗಳು ಹೊರಟಾಗ ಹೇಂಟೆ ಅವುಗಳ ಹಿಂದೆ ಎದ್ದು ಹೋಗಿ, ಉಳಿದ ಮೊಟ್ಟೆಗಳು ತಣಿದು ಹಾಳಾಗುತ್ತವೆ. ಹತ್ತು ಹನ್ನೆರಡು ಮೊಟ್ಟೆಗಳನ್ನು ತಂಪಾದ ಮೂಲೆಯಲ್ಲಿ ಕೂಡಿಟ್ಟು, ಎಲ್ಲವನ್ನೂ ಒಂದೇ ರಾತ್ರಿ ಇಡಬೇಕು. ಮಸಿಯಿಂದ ಗುರುತು ಹಾಕಿಟ್ಟರೆ ಆಮೇಲೆ ಬೇರೆ ಹೇಂಟೆ ಬಂದು ಇಟ್ಟ ಮೊಟ್ಟೆಯನ್ನು ತೆಗೆಯಲು ಸುಲಭ. ನಮ್ಮ ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ನಾಲ್ಕೈದು ದಿನಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಇಡದಿರುವುದು ಲೇಸು, ಏಕೆಂದರೆ ಆ ಬಿಸಿಗೆ ಭ್ರೂಣ ಅರ್ಧಂಬರ್ಧ ಬೆಳೆಯಲು ತೊಡಗಿ ಸಾಯುತ್ತದೆ. ಎರಡು ಹೇಂಟೆಗಳು ಒಟ್ಟಿಗೆ ಕಾವಿಗೆ ಬಂದಿದ್ದರೆ ಒಂದೇ ದಿನ ಕೂರಿಸುವುದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇಲ್ಲ.

ಬಿಸಿಯನ್ನು ಹಂಚುವುದು

ಒಂದು ದಿನದ ಮರಿಗೆ ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಕಡಿಮೆ ಮಾಡುತ್ತ ಬಂದರೆ, ನಮ್ಮ ಕರಾವಳಿಯ ಹವೆಯಲ್ಲಿ ನಾಲ್ಕೈದು ವಾರ ತುಂಬಿ ಗರಿ ಬಂದ ಮರಿಗೆ ಮಳೆಗಾಲದ ರಾತ್ರಿಯಲ್ಲಿಯೂ ಬಲ್ಬು ಬೇಕಾಗುವುದಿಲ್ಲ. ಹಾಗಾದರೆ ಮೂರು ದಿನದ ಮತ್ತು ಹತ್ತು ದಿನದ ಮರಿಗಳು ಒಂದೇ ಆವರಣದಲ್ಲಿದ್ದಾಗ ಯಾವುದರ ಲೆಕ್ಕ ಹಿಡಿಯಬೇಕು? ಆವರಣವನ್ನು ಉದ್ದಕ್ಕೆ ಮಾಡುವುದೇ ಇದಕ್ಕೆ ಪರಿಹಾರ. ಸುಮಾರು 6 ಅಡಿ ಉದ್ದ, 3 ಅಡಿ ಅಗಲದ ಜಾಗಕ್ಕೆ ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡಿನ ಸುತ್ತುಗೋಡೆ ಕಟ್ಟಿ, ಬಲ್ಬನ್ನು ಒಂದು ತುದಿಯಲ್ಲಿ ಮಾತ್ರ ತೂಗುಹಾಕಬೇಕು. ಸಣ್ಣವು ಬಲ್ಬಿನ ಕೆಳಗೆ ಇರುತ್ತವೆ, ದೊಡ್ಡವು ತಮಗೆ ಹಿತವಾದಷ್ಟು ದೂರಕ್ಕೆ ತಾವೇ ಹೋಗುತ್ತವೆ. ಬಲ್ಬು ನಡುವೆ ಇದ್ದರೆ ದೊಡ್ಡ ಮರಿಗಳಿಗೆ ಓಡಲು ಜಾಗವಿಲ್ಲದೆ, ಸೆಕೆ ಮತ್ತು ಬೆಳಕಿನ ಕಿರಿಕಿರಿಯಿಂದಲೇ ಒಂದನ್ನೊಂದು ಕುಕ್ಕಲು ತೊಡಗುತ್ತವೆ. ಮೂಲೆಗಳನ್ನು ರಟ್ಟು ಬಾಗಿಸಿ ದುಂಡಗೆ ಮಾಡಲೇಬೇಕು. ಹೆದರಿದ ಮರಿಗಳು ಮೂಲೆಯಲ್ಲಿ ರಾಶಿಬಿದ್ದು ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ, ಅದರಲ್ಲಿಯೂ ಗಾತ್ರದ ವ್ಯತ್ಯಾಸವಿದ್ದಾಗ ಕೆಳಗೆ ಸಿಕ್ಕುವುದು ಸಣ್ಣ ಮರಿಯೇ.

ಇಪ್ಪತ್ತೈದು ಮರಿಗಳಿಗೆ 60 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬು ಒಂದು ಸಾಕು. ಎಲ್‌ಇಡಿ ಬಲ್ಬು ಹಾಕಿ ಮರಿಗಳು ಏಕೆ ನಡುಗುತ್ತಿವೆ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಅದರಿಂದ ಬೆಳಕು ಬರುತ್ತದೆಯೇ ಹೊರತು ಮರಿಗೆ ಬೇಕಾದ ಬಿಸಿ ಬರುವುದಿಲ್ಲ. ಬಿಸಿ ಸರಿಯಾಗಿದೆಯೇ ಎಂಬುದನ್ನು ಥರ್ಮಾಮೀಟರಿಗಿಂತ ಚೆನ್ನಾಗಿ ಮರಿಗಳೇ ತೋರಿಸುತ್ತವೆ. ಬಲ್ಬಿನ ಕೆಳಗೆ ಒತ್ತಿ ನಿಂತು ಚಿಂವ್‌ಗುಟ್ಟುತ್ತಿದ್ದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದು ನಿಂತಿದ್ದರೆ ಸೆಕೆ, ಹರಡಿಕೊಂಡು ಮಲಗಿದ್ದರೆ ಹಿತ. ಬೆರೆತ ಗುಂಪಿನಲ್ಲಿ ಈ ನೋಟವನ್ನು ಸಣ್ಣ ಮರಿಗಳ ಮೇಲೆ ಮಾತ್ರ ಇಡಬೇಕು.

ಜೂನ್, ಜುಲೈ ತಿಂಗಳಲ್ಲಿ ಇಲ್ಲಿ ಕರೆಂಟು ಹೋದರೆ ರಾತ್ರಿಯಿಡೀ ಬಾರದಿರುವುದೂ ಉಂಟು. ಆಗ ದಪ್ಪ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮರಿಗಳ ನಡುವೆ ಇಟ್ಟು, ಮೇಲೆ ಗಾಳಿಯಾಡುವಂತೆ ಗೋಣಿ ಹೊದಿಸಬಹುದು. ಮಡಕೆಯಲ್ಲಿ ಕೆಂಡ ಇಡುವ ಹಳೆಯ ಪದ್ಧತಿಯನ್ನು ಮುಚ್ಚಿದ ಕೋಣೆಯಲ್ಲಿ ಅನುಸರಿಸಬಾರದು. ಕೆಂಡದ ವಿಷಗಾಳಿಗೆ ಮರಿಗಳೂ ಸಾಯುತ್ತವೆ, ಮನೆಯವರಿಗೂ ಅಪಾಯ.

ಆಹಾರದಲ್ಲಿ ಆಗುವ ತಪ್ಪು

ಮೊಟ್ಟೆ ಇಡುವ ಹೇಂಟೆಗಳು, ಬೆಳೆಯುವ ಮರಿಗಳು, ಪುಟ್ಟ ಮರಿಗಳು ಎಲ್ಲ ಇರುವ ಮನೆಯಲ್ಲಿ ಮೊಟ್ಟೆಕೋಳಿಗೆಂದು ಮಾಡಿದ ಲೇಯರ್ ಆಹಾರ ಒಂದೇ ಚೀಲ ತಂದು ಎಲ್ಲಕ್ಕೂ ಹಾಕುವುದು ವಾಡಿಕೆ. ಇದರಿಂದಾಗುವ ಹಾನಿ ಕಣ್ಣಿಗೆ ತಕ್ಷಣ ಕಾಣುವುದಿಲ್ಲ. ಲೇಯರ್ ಆಹಾರದಲ್ಲಿ ಮೊಟ್ಟೆಯ ಚಿಪ್ಪಿಗೆಂದು ಶೇಕಡಾ 3.5ರಿಂದ 4ರಷ್ಟು ಸುಣ್ಣದ ಅಂಶ ಇರುತ್ತದೆ. ಮರಿಗೆ ಬೇಕಾಗುವುದು ಶೇಕಡಾ 1ರ ಸುಮಾರು. ಮೊಟ್ಟೆ ಇಡದ ಕೋಳಿಗೆ ಹೆಚ್ಚುವರಿ ಸುಣ್ಣವನ್ನು ಹೊರಹಾಕುವ ಭಾರ ಮೂತ್ರಪಿಂಡದ ಮೇಲೆ ಬಿದ್ದು, ಅದು ಕೆಟ್ಟು, ಮರಿಗಳು ಕಾರಣ ತಿಳಿಯದಂತೆ ಸೊರಗುತ್ತವೆ. ಇತ್ತ ಮರಿಯ ಸ್ಟಾರ್ಟರ್ ಆಹಾರದಲ್ಲಿ ಶೇಕಡಾ 20ರ ಸುಮಾರು ಪ್ರೋಟೀನು ಇರುತ್ತದೆ. ಅದನ್ನು ದೊಡ್ಡವು ತಿಂದರೆ ಖರ್ಚು ಹೆಚ್ಚುವುದನ್ನು ಬಿಟ್ಟರೆ ತೊಂದರೆಯಿಲ್ಲ.

ಆದ್ದರಿಂದ ಎಲ್ಲವೂ ಒಂದೇ ಅಂಗಳದಲ್ಲಿ ತಿರುಗುವಾಗ ಸ್ಟಾರ್ಟರ್ ಅಥವಾ ಬೆಳೆಯುವ ಮರಿಗಳ ಗ್ರೋವರ್ ಆಹಾರವನ್ನೇ ಸಾಮಾನ್ಯ ಆಹಾರವಾಗಿ ಹಾಕಿ, ಮೊಟ್ಟೆ ಇಡುವ ಹೇಂಟೆಗಳಿಗೆ ಕಪ್ಪೆಚಿಪ್ಪನ್ನು ಕುಟ್ಟಿ ಬೇರೆ ಪಾತ್ರೆಯಲ್ಲಿ, ಮರಿಗಳಿಗೆ ಎಟುಕದ ಎತ್ತರದಲ್ಲಿ ಇಡಬೇಕು. ಕುಂಬಳೆ, ಮಂಜೇಶ್ವರದ ಕರಾವಳಿಯವರಿಗೆ ಚಿಪ್ಪಿಗೆ ಬರಗಾಲವಿಲ್ಲ. ಒಳನಾಡಿನವರು ಒಂದು ಚೀಲ ತಂದಿಟ್ಟುಕೊಂಡರೆ ವರ್ಷಕ್ಕೆ ಸಾಕು. ಸುಣ್ಣ ಬೇಕಾದ ಹೇಂಟೆ ತಾನಾಗಿ ಹೋಗಿ ಬೇಕಾದಷ್ಟು ತಿನ್ನುತ್ತದೆ. ಸ್ಟಾರ್ಟರ್ ಚೀಲದ ಮೇಲಿನ ಚೀಟಿಯನ್ನು ಮಾತ್ರ ಓದಬೇಕು: ರಕ್ತಭೇದಿ ತಡೆಯುವ ಔಷಧಿ ಬೆರೆತಿದ್ದರೆ, ಮೊಟ್ಟೆ ತಿನ್ನುವ ಮನೆಯವರ ದೃಷ್ಟಿಯಿಂದ, ಅದನ್ನು ಹೇಂಟೆಗಳಿಗೆ ಸಿಗದಂತೆ ಇಡಬೇಕು.

ಇದಕ್ಕೆ ಬೇಕಾದ ಉಪಕರಣ ಮನೆಯಲ್ಲಿಯೇ ಆಗುತ್ತದೆ. ಬಿದಿರಿನ ಅಥವಾ ಅಡಿಕೆ ಸಲಾಕೆಯ ಸರಳುಗಳನ್ನು ಸುಮಾರು ಎರಡು ಇಂಚು ಅಂತರದಲ್ಲಿ ನಿಲ್ಲಿಸಿ, ಮೇಲೆ ಮುಚ್ಚಿಗೆಯಿರುವ ಸಣ್ಣ ಗೂಡು ಮಾಡಿ, ಅದರೊಳಗೆ ಮರಿಯ ಆಹಾರ ಮತ್ತು ನೀರು ಇಟ್ಟರೆ ಪುಟ್ಟ ಮರಿಗಳು ಸರಾಗವಾಗಿ ನುಸುಳುತ್ತವೆ, ದೊಡ್ಡವು ಹೊರಗೆ ಉಳಿಯುತ್ತವೆ. ದೊಡ್ಡವು ಅಟ್ಟಿಸಿಕೊಂಡು ಬಂದಾಗ ಮರಿಗಳು ಓಡಿ ಸೇರುವ ಆಶ್ರಯವೂ ಅದೇ. ನನ್ನ ಅನುಭವದಲ್ಲಿ ಬೆರೆತ ಹಿಂಡಿಗೆ ಇಷ್ಟು ಉಪಕಾರ ಮಾಡುವ ವಸ್ತು ಇನ್ನೊಂದಿಲ್ಲ. ಹೊರಗಿನ ಆಹಾರವನ್ನು ಒಂದೇ ಕಡೆ ಇಡದೆ, ಅಡಿಕೆ ಹಾಳೆಯ ತುಂಡುಗಳಲ್ಲಿ ಮೂರು ನಾಲ್ಕು ಕಡೆ ಇಡಬೇಕು. ಒಂದು ಹಾಳೆಗೆ ಯಜಮಾನಿಕೆ ಮಾಡುವ ಕೋಳಿ ನಾಲ್ಕು ಹಾಳೆಗಳನ್ನು ಕಾಯಲಾರದು. ಒದ್ದೆಯಾದ ಹಾಳೆಗೆ ಬೂಸು ಹಿಡಿಯುವುದರಿಂದ ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು.

ನೀರಿನ ತಟ್ಟೆ ಆಳವಿಲ್ಲದಿರಲಿ, ಮೊದಲ ವಾರ ಅದರಲ್ಲಿ ಬೆಣಚುಕಲ್ಲುಗಳನ್ನು ಹಾಕಿಡಿ. ದೊಡ್ಡವಕ್ಕೆಂದು ಇಟ್ಟ ಬಕೆಟಿನ ಅಂಚಿಗೆ ಹಾರಿದ ಮರಿ ಒಳಗೆ ಬಿದ್ದು ಸಾಯುವುದು ಎಲ್ಲರ ಮನೆಯಲ್ಲಿಯೂ ಒಮ್ಮೆಯಾದರೂ ಆಗುವ ಅನಾಹುತ. ಬಾತುಕೋಳಿಗಳಿದ್ದರೆ ಅವುಗಳ ನೀರನ್ನು ಪೂರ್ತಿ ಬೇರೆಯೇ ಇಡಬೇಕು, ಏಕೆಂದರೆ ಅವು ಕುಡಿದ ಜಾಗ ಕೆಸರಾಗದೆ ಇರುವುದಿಲ್ಲ.

ಕಾಣದ ಅಪಾಯ

ನನ್ನ ಮರಿಗಳನ್ನು ಕೊಂದದ್ದು ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ಇದನ್ನು ತರುವ ಸೂಕ್ಷ್ಮಜೀವಿ ದೊಡ್ಡ ಕೋಳಿಗಳ ಕರುಳಿನಲ್ಲಿ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಅವುಗಳಿಗೆ ಪ್ರತಿರೋಧ ಬಂದಿರುವುದರಿಂದ ಏನೂ ತೋರುವುದಿಲ್ಲ. ಹಿಕ್ಕೆಯ ಮೂಲಕ ಹೊರಬಿದ್ದ ಅದರ ತತ್ತಿಗಳು ಒದ್ದೆ ಮತ್ತು ಬೆಚ್ಚಗಿನ ಹೊಟ್ಟಿನಲ್ಲಿ ಒಂದೆರಡು ದಿನಗಳಲ್ಲಿಯೇ ರೋಗ ತರುವ ಸ್ಥಿತಿಗೆ ಬರುತ್ತವೆ. ನಮ್ಮ ಮಳೆಗಾಲದ ಗೂಡಿಗಿಂತ ಅನುಕೂಲವಾದ ಸ್ಥಳ ಅವಕ್ಕೆ ಬೇಕಿಲ್ಲ. ಮೂರರಿಂದ ಆರು ವಾರದ ಮರಿಗಳೇ ಇದಕ್ಕೆ ಹೆಚ್ಚು ಬಲಿಯಾಗುವುದು.

ಆದುದರಿಂದ ನೆಲ ಒಣಗಿರುವುದು ಔಷಧಿಗಿಂತ ಮೊದಲಿನ ಮಾತು. ಭತ್ತದ ಉಮಿ ಅಥವಾ ಮರದ ಹೊಟ್ಟನ್ನು ಎರಡು ಮೂರು ಇಂಚು ಹರಡಿ, ದಿನಕ್ಕೊಮ್ಮೆ ಕೆದಕಿ, ಒದ್ದೆಯಾದ ಭಾಗವನ್ನು, ಅದರಲ್ಲಿಯೂ ನೀರಿನ ತಟ್ಟೆಯ ಸುತ್ತಲಿನದನ್ನು, ಅಂದೇ ತೆಗೆದು ಅಡಿಕೆ ಮರದ ಬುಡಕ್ಕೆ ಹಾಕಬೇಕು. ಬರೇ ಪತ್ರಿಕೆಯ ಹಾಳೆ ಹರಡಿದರೆ ಮರಿಗಳ ಕಾಲು ಜಾರಿ ಅಗಲಿಕೊಳ್ಳುತ್ತದೆ. ಮುರಕಲ್ಲಿನ ಗೂಡುಗಳಿಗೆ ಮಳೆಗಾಲದಲ್ಲಿ ನೆಲದಿಂದ ತೇವ ಏರುವುದರಿಂದ, ಮರಿಗಳನ್ನು ನೆಲದಿಂದ ಎರಡಡಿ ಎತ್ತರದ ಹಲಗೆಯ ಮೇಲೆ ಸಾಕುವುದು ಕ್ಷೇಮ. ಜಾಗದ ಲೆಕ್ಕ ಹೀಗೆ: ನಾಲ್ಕು ವಾರದವರೆಗೆ ಮರಿಯೊಂದಕ್ಕೆ ಅರ್ಧ ಚದರ ಅಡಿ, ಎಂಟು ವಾರದವರೆಗೆ ಒಂದು ಚದರ ಅಡಿ, ದೊಡ್ಡದಾದ ಮೇಲೆ ಎರಡು. ಬೆರೆತ ಗುಂಪಿಗೆ ಇದರ ಒಂದೂವರೆ ಪಟ್ಟು ಕೊಟ್ಟರೆ ಜಗಳ ಅಷ್ಟಕ್ಕಷ್ಟೇ.

ಹೇಂಟೆಗೆ ಒಪ್ಪಿಸುವ ಒಂದು ದಿನದ ಮರಿಗಳನ್ನು ಬಿಟ್ಟರೆ, ಹೊಸದಾಗಿ ತಂದ ಮರಿಗಳು ಎಷ್ಟೇ ಚುರುಕಾಗಿದ್ದರೂ ಮೂರು ವಾರ ಬೇರೆಯೇ ಇರಬೇಕು, ಸಾಧ್ಯವಿದ್ದರೆ ಮನೆಯ ಇನ್ನೊಂದು ಬದಿಯಲ್ಲಿ. ಈ ದಿನಗಳಲ್ಲಿ ಬೆಳಗ್ಗೆ ಮೊದಲು ಸಣ್ಣ ಮರಿಗಳಿಗೆ, ಆಮೇಲೆ ಮನೆಯ ದೊಡ್ಡ ಕೋಳಿಗಳಿಗೆ, ಕೊನೆಗೆ ಹೊಸಬರಿಗೆ ಆಹಾರ ಕೊಡುವ ಕ್ರಮ ತಪ್ಪಬಾರದು. ನಮ್ಮ ಚಪ್ಪಲಿ ಮತ್ತು ಕೈಯೇ ರೋಗದ ವಾಹನ. ಹೊಸಬರ ಗೂಡಿನ ಮುಂದೆ ಒಂದು ಜೊತೆ ಹಳೆಯ ಚಪ್ಪಲಿ ಬೇರೆಯೇ ಇರಲಿ.

ಲಸಿಕೆಯ ವಿಷಯದಲ್ಲಿ ಬೆರೆತ ಹಿಂಡಿನವರು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿಯಿದೆ. ಕೋಳಿಗಳನ್ನು ಕೊಲ್ಲುವ ರಾಣಿಖೇತ್ ಎಂಬ ವೈರಾಣು ರೋಗಕ್ಕೆ 5ರಿಂದ 7 ದಿನದಲ್ಲಿ ಕಣ್ಣಿಗೋ ಮೂಗಿಗೋ ಹನಿಯಾಗಿ ಕೊಡುವ ಲಸೋಟಾ ಅಥವಾ ಎಫ್ ಲಸಿಕೆ ಸೌಮ್ಯವಾದದ್ದು. ಎಂಟು ವಾರದ ಸುಮಾರಿಗೆ ಚುಚ್ಚುವ ಆರ್‌ಟುಬಿ ಲಸಿಕೆ ಪ್ರಬಲವಾದದ್ದು; ಅದನ್ನು ಸಣ್ಣ ಮರಿಗೆ ಕೊಟ್ಟರೆ ಲಸಿಕೆಯಿಂದಲೇ ರೋಗ ಬರಬಹುದು. ಅದು ಜೀವಂತ ಲಸಿಕೆಯಾದ್ದರಿಂದ, ಚುಚ್ಚಿಸಿಕೊಂಡ ದೊಡ್ಡ ಕೋಳಿಗಳಿಂದಲೂ ಕೆಲವು ದಿನ ವೈರಾಣು ಹೊರಬೀಳಬಹುದು. ಆದ್ದರಿಂದ ದೊಡ್ಡವಕ್ಕೆ ಆ ಲಸಿಕೆ ಹಾಕಿಸಿದ ಎರಡು ವಾರ, ಮೊದಲ ಲಸಿಕೆಯೂ ಆಗದ ಮರಿಗಳನ್ನು ಅವುಗಳ ಹತ್ತಿರ ಬಿಡಬೇಡಿ. 14ನೆಯ ದಿನದ ಸುಮಾರಿಗೆ ಗಂಬೊರೊ ಎಂಬ ಇನ್ನೊಂದು ವೈರಾಣು ರೋಗದ ಲಸಿಕೆ, ನಾಲ್ಕನೆಯ ವಾರ ಲಸೋಟಾ ಮತ್ತೊಮ್ಮೆ ಎಂಬುದು ಸಾಮಾನ್ಯ ಕ್ರಮ. ಒಂದು ಬಾಟಲಿಯಲ್ಲಿ ನೂರಾರು ಮರಿಗಳಿಗೆ ಸಾಕಾಗುವಷ್ಟು ಇರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಮೃಗಾಸ್ಪತ್ರೆಯಿಂದ ಮನೆಗೆ ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ನೆರೆಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ದಿನ ಹಾಕಿಸುವುದು ಇದಕ್ಕಾಗಿಯೇ. ಪಂಚಾಯತಿನಿಂದ ಮರಿ ಪಡೆಯುವಾಗ ಯಾವ ದಿನ ಯಾವ ಲಸಿಕೆ ಆಗಿದೆಯೆಂದು ಕೇಳಿ, ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳಿ. ಮಲಯಾಳದ ಚೀಟಿ ಪೆಟ್ಟಿಗೆಯ ಜೊತೆ ಕಳೆದುಹೋದ ಮೇಲೆ ನೆನಪಿನಿಂದ ಹೇಳುವುದು ಕಷ್ಟ.

ಸಾಕುತಾಯಿಯಾಗಿ ಹೇಂಟೆ

ಕಾವಿನಿಂದ ಈಗಷ್ಟೇ ಎದ್ದ ಹೇಂಟೆ ಇದ್ದರೆ, ಪೇಟೆಯಿಂದ ತಂದ ಒಂದು ದಿನದ ಮರಿಗಳನ್ನು ಅದಕ್ಕೆ ಒಪ್ಪಿಸುವುದು ಬಲ್ಬಿಗಿಂತ ಸುಲಭ. ಆದರೆ ಅದರ ಸ್ವಂತ ಮರಿಗಳು ಹುಟ್ಟಿ ಒಂದೆರಡು ದಿನ ಮಾತ್ರ ಆಗಿರಬೇಕು, ತರುವ ಮರಿಗಳೂ ಅಷ್ಟೇ ಎಳೆಯವಾಗಿರಬೇಕು. ಕತ್ತಲಾದ ಮೇಲೆ, ದೀಪ ಹಿಡಿಯದೆ, ಒಂದೊಂದಾಗಿ ಹೊಟ್ಟೆಯ ಕೆಳಗೆ ಸರಿಸಿ, ಬೆಳಕು ಹರಿಯುವ ಮೊದಲೇ ಎದ್ದು ನೋಡಬೇಕು. ಹೇಂಟೆ ತಲೆಗೆ ಕುಕ್ಕುತ್ತಿದ್ದರೆ ಕೂಡಲೇ ತೆಗೆಯಿರಿ. ಅದರ ಮನಸ್ಸು ಬದಲಾಗಲಿ ಎಂದು ಕಾಯುವುದು ಮರಿಯ ಜೀವಕ್ಕೆ ಎರವು. ವಾರ ಕಳೆದ ಮರಿಗಳನ್ನು ಹೇಂಟೆಯೂ ಒಪ್ಪುವುದಿಲ್ಲ, ಅವೂ ಹೇಂಟೆಯ ಕರೆಗೆ ಓಡುವುದಿಲ್ಲ. ಹನ್ನೆರಡಕ್ಕಿಂತ ಹೆಚ್ಚು ಮರಿಗಳನ್ನು ಊರಕೋಳಿಯ ರೆಕ್ಕೆ ಮುಚ್ಚಲಾರದು, ಮಳೆಗಾಲದಲ್ಲಿಯಂತೂ ಹತ್ತೇ ಸಾಕು.

ಬಲೆ ತೆಗೆಯುವುದು

ಮೂರು ವಾರದ ಪ್ರತ್ಯೇಕವಾಸ ಮುಗಿದು, ಎಲ್ಲವೂ ಆರೋಗ್ಯವಾಗಿದ್ದರೆ, ಎರಡು ಗುಂಪುಗಳನ್ನು ಅರ್ಧ ಇಂಚು ಕಿಂಡಿಯ ತಂತಿಬಲೆಯ ಎರಡು ಬದಿಗಳಲ್ಲಿ ಇಡಿ. ಅರ್ಧ ಇಂಚು ಎಂದದ್ದಕ್ಕೆ ಕಾರಣವಿದೆ: ಕಿಂಡಿ ದೊಡ್ಡದಾದರೆ ಹೆಗ್ಗಣ, ಕೀರಿ, ಕೇರೆ ಹಾವುಗಳು ಒಳಗೆ ಬರುತ್ತವೆ. ಗಿಡುಗ ಮತ್ತು ಕಾಗೆಗಳಿಗಾಗಿ ಅಂಗಳದ ಮೇಲೆಯೂ ಹಳೆಯ ಮೀನುಬಲೆ ಕಟ್ಟಿರಬೇಕು. ಹೀಗೆ ಒಂದನ್ನೊಂದು ನೋಡುತ್ತ, ಒಂದರ ಪಕ್ಕ ಇನ್ನೊಂದು ತಿನ್ನುತ್ತ ಹತ್ತು ದಿನ ಕಳೆಯಲಿ. ಮೊದಮೊದಲು ಬಲೆಗೆ ಹಾರಿ ಕುಕ್ಕಲು ಬರುವ ಹುಂಜ ನಾಲ್ಕೈದು ದಿನದಲ್ಲಿ ತಣ್ಣಗಾಗುತ್ತದೆ.

ಸಣ್ಣ ಮರಿಗಳಿಗೆ ಎಂಟು ವಾರ ತುಂಬಿದ ಮೇಲೆ, ಸಂಜೆ ಗೂಡಿಗೆ ಸೇರುವ ಒಂದು ಗಂಟೆ ಮೊದಲು ಎರಡನ್ನೂ ತೋಟಕ್ಕೆ ಬಿಡಿ. ಕೆದಕಲು ತರಗೆಲೆ ಇರುವ ತೋಟದಲ್ಲಿ ಜಗಳಕ್ಕೆ ಪುರುಸೊತ್ತು ಕಡಿಮೆ. ಗೂಡಿನೊಳಗೆ ಒಟ್ಟಿಗೆ ಮಲಗಿಸುವುದನ್ನು ಮಾತ್ರ 12ರಿಂದ 14 ವಾರದವರೆಗೆ, ಗಾತ್ರ ಮುಕ್ಕಾಲು ಭಾಗ ಸಮವಾಗುವವರೆಗೆ, ಮುಂದೂಡಬೇಕು. ಒಂದೇ ಮರಿಯನ್ನು ಒಂಟಿಯಾಗಿ ದೊಡ್ಡ ಹಿಂಡಿಗೆ ಸೇರಿಸಬಾರದು. ಕನಿಷ್ಠ ಮೂರಾದರೂ ಇದ್ದರೆ ಪೆಟ್ಟು ಹಂಚಿಹೋಗುತ್ತದೆ. ಕುತ್ತಿಗೆಯ ಗರಿ ನಿಗುರಿಸಿ ನಿಲ್ಲುವುದು, ಒಂದೆರಡು ಬಾರಿ ಅಟ್ಟುವುದು ಇವೆಲ್ಲ ಹಿಂಡಿನಲ್ಲಿ ಸ್ಥಾನ ಗೊತ್ತುಮಾಡಿಕೊಳ್ಳುವ ರೀತಿ, ಅದಕ್ಕೆ ಅಡ್ಡ ಹೋಗಬೇಡಿ. ರಕ್ತ ಕಂಡರೆ ಮಾತು ಬೇರೆ. ಕೋಳಿಗಳು ಕೆಂಪು ಕಂಡಲ್ಲಿ ಮತ್ತೆ ಮತ್ತೆ ಕುಕ್ಕುವುದರಿಂದ, ಬಾಲದ ಬುಡದಲ್ಲಿ ಗಾಯವಾದ ಮರಿಯನ್ನು ಆ ಕ್ಷಣವೇ ಬೇರೆ ಮಾಡಿ, ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿ, ಗಾಯ ಪೂರ್ತಿ ಒಣಗಿ ಗರಿ ಬಂದ ಮೇಲೆಯೇ ಹಿಂದೆ ಬಿಡಬೇಕು. ಒಂದೇ ಕೋಳಿ ಪದೇ ಪದೇ ಪೆಟ್ಟು ಕೊಡುತ್ತಿದ್ದರೆ, ಪೆಟ್ಟು ತಿಂದದ್ದನ್ನಲ್ಲ, ಕೊಡುವುದನ್ನು ನಾಲ್ಕು ದಿನ ಬೇರೆ ಕೂಡಿಹಾಕಿದರೆ ಅದು ಮರಳಿ ಬರುವಾಗ ಸ್ವಲ್ಪ ತಗ್ಗಿರುತ್ತದೆ.

ಬಲೆಯನ್ನು ಕಳಚಿದ ಮೇಲೆಯೂ ಅದನ್ನು ಮಡಚಿ ಗೂಡಿನ ಹತ್ತಿರವೇ ಇಟ್ಟುಕೊಳ್ಳಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಾಲ್ಕೈದು ದಿನ ಬಿಡದೆ ಮಳೆ ಸುರಿದು, ಕೋಳಿಗಳು ಹೊರಗೆ ಇಳಿಯಲಾರದೆ ಹಗಲಿಡೀ ಗೂಡಿನಲ್ಲಿ ಕುಳಿತಾಗ, ಹೊಂದಿಕೊಂಡಿದ್ದ ಹಿಂಡಿನಲ್ಲಿಯೂ ಕುಕ್ಕಾಟ ಮರಳುತ್ತದೆ. ಆ ದಿನಗಳಲ್ಲಿ ಬಲೆಯನ್ನು ಮತ್ತೆ ನಡುವೆ ಕಟ್ಟಿ, ಎರಡೂ ಬದಿಯಲ್ಲಿ ನುಗ್ಗೆಸೊಪ್ಪಿನ ಒಂದೊಂದು ಕಟ್ಟನ್ನು ಕೊಕ್ಕಿಗೆ ಎಟುಕುವ ಎತ್ತರದಲ್ಲಿ ತೂಗುಹಾಕಿ. ಬಿಸಿಲು ಬಿದ್ದು ಅಂಗಳ ಒಣಗಿದ ದಿನ ಬಲೆಯನ್ನು ತೆಗೆದರಾಯಿತು.